ಹಾರ್ಪಿಕ್ಕೋ, ಬ್ಲೀಚೋ, ನಿಂಬೆ ಉಪ್ಪೋ? ಕಮೋಡಿನ ಕಲೆಗೆ ತಕ್ಕ ಮದ್ದು

ಮುಂಬಯಿಯ ದಾದರ್‌ನ ಮನೆಯಲ್ಲಿ ಕಾಲು ಗಂಟೆಯಲ್ಲಿ ಕೆಲಸ ಮುಗಿಸುವ ಬಾಟಲಿ ಪುಣೆಯ ವಾಘೋಲಿಯಲ್ಲಿ ಮೂರು ಸಲ ಸುರಿದರೂ ಸೋಲುತ್ತದೆ. ಗೋವಾದ ಫೋಂಡಾ ಕಡೆ ಬಾವಿ ನೀರಿನ ಮನೆಯಲ್ಲಿ ಬ್ಲೀಚ್ ಹಾಕಿ ಮಲಗಿದವರು ಬೆಳಿಗ್ಗೆ ಎದ್ದು ನೋಡಿದರೆ ಕಮೋಡು ಮೊದಲಿಗಿಂತ ಕೆಂಪು. ಇದರಲ್ಲಿ ಬಾಟಲಿಯ ದೋಷ ಕಡಿಮೆ. ನೀರು ಬದಲಾದರೆ ಕಲೆಯ ಜಾತಿ ಬದಲಾಗುತ್ತದೆ, ಜಾತಿ ಗೊತ್ತಿಲ್ಲದೆ ಹಾಕಿದ ಮದ್ದು ಚರಂಡಿ ಪಾಲು. ಅಂಗಡಿಗೆ ಹೋಗುವ ಮೊದಲು ಐದು ನಿಮಿಷ ಕಮೋಡಿನ ಮುಂದೆ ಕೂತು ನೋಡಿದರೆ ಅರ್ಧ ಖರ್ಚು ಉಳಿಯುತ್ತದೆ.

ನಿಮ್ಮ ಫ್ಲಶ್ಶಿಗೆ ಬರುವುದು ಯಾವ ನೀರು?

ಮುಂಬಯಿ ಪಾಲಿಕೆಯ ನೀರು ತುಳಸಿ, ವಿಹಾರ, ತಾನಸಾ, ಮೋಡಕ್ ಸಾಗರ, ಭಾತ್ಸಾ, ಮೇಲಿನ ವೈತರಣಾ, ಮಧ್ಯ ವೈತರಣಾ ಎಂಬ ಏಳು ಜಲಾಶಯಗಳಿಂದ ಬರುತ್ತದೆ. ಎಲ್ಲವೂ ಮಳೆನೀರು ನಿಂತದ್ದು, ಮೆದು ನೀರು. ಪುಣೆಯ ಖಡಕ್‌ವಾಸ್ಲಾ ನೀರೂ ಪಿಂಪ್ರಿ-ಚಿಂಚವಡದ ಪವನಾ ನೀರೂ ಇದೇ ಬಗೆ. ಇಂಥ ನೀರಿನ ಮನೆಯಲ್ಲಿ ಸುಣ್ಣದ ದಪ್ಪ ಪದರ ಕಟ್ಟುವುದು ಅಪರೂಪ.

ತಕರಾರು ಶುರುವಾಗುವುದು ಬೋರ್‌ವೆಲ್ ಮತ್ತು ಟ್ಯಾಂಕರಿನಿಂದ. ಮುಂಬಯಿಯ ಎಷ್ಟೋ ಸೊಸೈಟಿಗಳಲ್ಲಿ ಅಡುಗೆಮನೆಗೆ ಪಾಲಿಕೆಯ ನೀರು, ಫ್ಲಶ್ಶಿಗೆ ಬೋರ್ ನೀರು, ಎರಡಕ್ಕೂ ಬೇರೆ ಬೇರೆ ಲೈನು. ಆದ್ದರಿಂದ ಕುಡಿಯುವ ನೀರಿನ ರುಚಿ ನೋಡಿ ಕಮೋಡಿನ ನೀರನ್ನು ಅಳೆಯಬೇಡಿ. ಪುಣೆಯ ಅಂಚಿನ ವಾಘೋಲಿ, ಉಂಡ್ರಿ, ಪಿಸೋಳಿ ಕಡೆ ಬೇಸಿಗೆ ಬಂದರೆ ಟ್ಯಾಂಕರೇ ಗತಿ. ಕಪ್ಪುಕಲ್ಲಿನ ಸಂದಿಯಿಂದ ಬಂದ ಅಂತರ್ಜಲದಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಧಾರಾಳ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಸಿಗದಿದ್ದರೆ 600ರವರೆಗೆ ನಡೆದೀತು. ಫ್ಲಶ್ ನೀರನ್ನು ಮಾತ್ರ ಯಾರೂ ಅಳೆಯಲು ಹೋಗುವುದಿಲ್ಲ.

ಗೋವಾದ ಕಥೆ ಬೇರೆ. ಕೆಂಪುಕಲ್ಲಿನ ನೆಲ, ಅದರಲ್ಲಿ ತೋಡಿದ ಬಾವಿ. ಸೇದಿದಾಗ ನೀರು ತಿಳಿಯಾಗಿಯೇ ಇರುತ್ತದೆ, ಏಕೆಂದರೆ ಕಬ್ಬಿಣ ಕರಗಿದ ರೂಪದಲ್ಲಿದೆ. ಗಾಳಿ ತಾಗಿದ ಮೇಲೆ ಅದು ತುಕ್ಕಾಗಿ ಕೆಳಗೆ ಕೂರುತ್ತದೆ. ಲೀಟರಿಗೆ 0.3 ಮಿಲಿಗ್ರಾಂ ದಾಟಿದರೆ ಬಿಳಿ ಪಿಂಗಾಣಿಯ ಮೇಲೆ ಕಲೆ ಬೀಳತೊಡಗುತ್ತದೆ. ಮುಂಬಯಿಯ ಹಳೆಯ ಕಟ್ಟಡಗಳಲ್ಲಿ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ಒಳಗೆ ತುಕ್ಕು ಹಿಡಿದಿದ್ದರೂ ಫಲ ಇದೇ.

ಪರೀಕ್ಷೆ ಸುಲಭ. ಫ್ಲಶ್ ಟ್ಯಾಂಕಿನ ನೀರನ್ನು ಬಿಳಿ ಬಕೆಟ್ಟಿನಲ್ಲಿ ಒಂದು ರಾತ್ರಿ ಬಿಡಿ. ತಳದಲ್ಲಿ ಕೆಂಪು ಗಸಿ ಕಂಡರೆ ಕಬ್ಬಿಣ. ಅದೇ ನೀರನ್ನು ಹಳೆಯ ಸ್ಟೀಲ್ ಪಾತ್ರೆಯಲ್ಲಿ ಬತ್ತುವ ತನಕ ಕುದಿಸಿ, ಬಿಳಿ ಹೊಪ್ಪಳೆ ಉಳಿದರೆ ಸುಣ್ಣ. ಎರಡೂ ಇದ್ದರೆ ನಿಮ್ಮ ಕೆಲಸವೂ ಎರಡು.

ಕಲೆಯನ್ನು ಮುಟ್ಟಿ ನೋಡಿ

ಗ್ಲೌಸ್ ಹಾಕಿ ಐಸ್‌ಕ್ರೀಮ್ ಕಡ್ಡಿಯಿಂದ ಕಲೆಯನ್ನು ಕೆರೆಯಿರಿ. ಕಡ್ಡಿ ಗರಗರ ಎಂದು ತಡೆದು, ತುದಿಗೆ ಬಿಳಿ-ಹಳದಿ ಪುಡಿ ಅಂಟಿದರೆ ಅದು ಸುಣ್ಣದ ಪದರ. ಟಿಶ್ಯೂ ತುಂಡನ್ನು ವಿನೆಗರಿನಲ್ಲಿ ಅದ್ದಿ ಅಲ್ಲಿ ಅಂಟಿಸಿ, ಎರಡು ನಿಮಿಷ ಬಿಟ್ಟು ಅಂಚನ್ನು ಎತ್ತಿ ನೋಡಿ: ಸಾಸಿವೆಗಿಂತ ಸಣ್ಣ ಗುಳ್ಳೆಗಳು ಸಾಲಾಗಿ ಏಳುತ್ತಿದ್ದರೆ ಇನ್ನು ಅನುಮಾನ ಬೇಡ. ಗುಳ್ಳೆ ಇಲ್ಲ, ಆದರೂ ಗರಗರ ಇದೆ, ಬಣ್ಣ ಕಂದು-ಹಳದಿ, ಕೆರೆದಾಗ ಮೂತ್ರದ ಘಾಟು ಬರುತ್ತಿದೆ ಎಂದರೆ ಅದು ಮೂತ್ರದ ಕಲ್ಲು. ಮೂತ್ರದಲ್ಲಿನ ಯೂರಿಯಾವನ್ನು ಬ್ಯಾಕ್ಟೀರಿಯಾ ಅಮೋನಿಯಾ ಮಾಡಿದಾಗ ಫಾಸ್ಫೇಟ್ ಲವಣಗಳು ಗಟ್ಟಿಯಾಗಿ ಕೂರುತ್ತವೆ. ಕಮೋಡಿನ ರಿಮ್ಮಿನ ಒಳಭಾಗ ಮತ್ತು ಇಂಡಿಯನ್ ಪ್ಯಾನಿನ ಮುಂಭಾಗ ಇದರ ಮಾಮೂಲಿ ಜಾಗ. ಎಷ್ಟು ತೊಳೆದರೂ ವಾಸನೆ ಹೋಗದ ಮನೆಗಳಲ್ಲಿ ಹತ್ತಕ್ಕೆ ಒಂಬತ್ತು ಸಲ ಕಳ್ಳ ಅಡಗಿರುವುದು ರಿಮ್ಮಿನಡಿಯಲ್ಲೇ. ಒಂದು ಸಣ್ಣ ಕನ್ನಡಿ ಹಿಡಿದು ನೋಡಿ.

ನೀರು ಇಳಿಯುವ ದಾರಿಯಲ್ಲಿ ಕೆಂಪು ಗೆರೆ, ಮುಟ್ಟಿದರೆ ನುಣುಪು: ಕಬ್ಬಿಣ. ಗುಲಾಬಿ ಅಥವಾ ಕಪ್ಪು ಲೋಳೆ, ಬ್ರಶ್ಶಿಗೆ ಹೋಗಿ ನಾಲ್ಕೇ ದಿನದಲ್ಲಿ ವಾಪಸು: ಬ್ಯಾಕ್ಟೀರಿಯಾ, ಬೂಷ್ಟು. ಮುಂಬಯಿ ಮಳೆಗಾಲದಲ್ಲಿ ಇದು ಗೋಡೆಯ ಟೈಲ್ ಸಂದಿಗೂ ಹಬ್ಬುತ್ತದೆ. ಪೆನ್ಸಿಲ್ ಗೀಚಿದಂತೆ ಬೂದು ಗೆರೆಗಳಿದ್ದರೆ ಅದು ಕಲೆಯೇ ಅಲ್ಲ. ಹಿಂದೆ ಯಾರೋ ಸ್ಟೀಲ್ ಸ್ಕ್ರಬ್ಬರಿನಲ್ಲಿ ಉಜ್ಜಿ ಬಿಟ್ಟುಹೋದ ಲೋಹದ ಗುರುತು.

ಯಾವುದು ಯಾವುದಕ್ಕೆ

ಸೂಪರ್‌ಮಾರ್ಕೆಟ್ಟಿನ ನೀಲಿ ದ್ರವ, ಅಂದರೆ ಮಾಮೂಲಿ ಹಾರ್ಪಿಕ್ ಮತ್ತು ಅದರ ಜೊತೆಗಾರರಲ್ಲಿ ಇರುವುದು ಸುಮಾರು 10% ಹೈಡ್ರೋಕ್ಲೋರಿಕ್ ಆಸಿಡ್, ಗೋಡೆಗೆ ಅಂಟಿಕೊಳ್ಳಲು ದಪ್ಪ ಮಾಡುವ ವಸ್ತು, ಬಣ್ಣ, ಸುವಾಸನೆ. ಸುಣ್ಣಕ್ಕೂ ಮೂತ್ರದ ಕಲ್ಲಿಗೂ ಇದು ಒಳ್ಳೆಯದು. ತೆಳು ಪದರವಿದ್ದರೆ ಬೇರೇನೂ ಬೇಡ. ಕೊಳ್ಳುವಾಗ ಬಾಟಲಿಯ ಹಿಂಬದಿ ಓದಿ. ಒಂದೇ ಬ್ರಾಂಡಿನ ಹೆಸರಿನಲ್ಲಿ ಆಸಿಡ್ ಬಾಟಲಿಯೂ ಬ್ಲೀಚ್ ಬಾಟಲಿಯೂ ಸಿಗಬಹುದು, ಎರಡನ್ನೂ ಒಟ್ಟಿಗೆ ಮನೆಗೆ ತಂದರೆ ಅಪಾಯ.

ಹಾರ್ಡ್‌ವೇರ್ ಅಂಗಡಿಯ ‘ಆಸಿಡ್’ ಅದೇ ಹೈಡ್ರೋಕ್ಲೋರಿಕ್, ಎರಡು-ಮೂರು ಪಟ್ಟು ಗಾಢ. ಮುಚ್ಚಳ ತೆಗೆದರೆ ಹೊಗೆ. ಕಲೆ ಹೋಗುವುದು ನಿಜ. ಜೊತೆಗೆ ನಲ್ಲಿಯ ಕ್ರೋಮ್, ಸ್ಟೀಲ್ ನಹಾನಿ ಜಾಲಿ (ನೆಲದ ನೀರು ಹೋಗುವ ತೂತಿನ ಜಾಲರಿ), ಹೆಲ್ತ್ ಫಾಸೆಟ್ಟಿನ ಪೈಪು ಕೂಡ ಹೊಗೆಗೇ ಚುಕ್ಕೆ ಬೀಳುತ್ತವೆ. ಪ್ಯಾನ್ ಮತ್ತು ನೆಲದ ನಡುವಿನ ವೈಟ್ ಸಿಮೆಂಟ್ ಸಂದು ತಿಂದುಹೋಗುತ್ತದೆ, ಆಮೇಲೆ ಕೆಳಗಿನ ಮನೆಯವರು ಸೀಲಿಂಗಿನಲ್ಲಿ ಲೀಕೇಜ್ ಎಂದು ಬಾಗಿಲು ತಟ್ಟುತ್ತಾರೆ. ನೆಲ ಕೋಟಾ ಕಲ್ಲು, ಕಡಪ ಕಲ್ಲು, ಮಾರ್ಬಲ್ ಆಗಿದ್ದರೆ ಒಂದು ಹನಿಗೂ ಮಚ್ಚೆ ಉಳಿಯುತ್ತದೆ, ಏಕೆಂದರೆ ಇವೆಲ್ಲ ಸುಣ್ಣಕಲ್ಲಿನ ಬಳಗ. ಸುಪ್ರೀಂ ಕೋರ್ಟಿನ 2013ರ ಆದೇಶದ ಪ್ರಕಾರ ಆಸಿಡ್ ಮಾರುವವರು ಗುರುತಿನ ಚೀಟಿ ನೋಡಿ ಪುಸ್ತಕದಲ್ಲಿ ಬರೆದಿಡಬೇಕು, 18 ತುಂಬದವರಿಗೆ ಮಾರಬಾರದು. ಹಳೆಯ ನೀರಿನ ಬಾಟಲಿಯಲ್ಲಿ ತುಂಬಿ ಮನೆ ಬಾಗಿಲಿಗೆ ತಂದು ಕೊಡುವ ಆಸಿಡ್ಡನ್ನಂತೂ ಕೊಳ್ಳಲೇಬೇಡಿ. ಲೇಬಲ್ ಇಲ್ಲ, ಗಾಢತೆ ಗೊತ್ತಿಲ್ಲ, ಬಾಯಾರಿದ ಮಗುವಿಗೆ ಅದು ನೀರಿನ ಬಾಟಲಿ. ಮನೆಗೆಲಸಕ್ಕೆ ಇದು ಬೇಡ ಎಂಬುದು ನಮ್ಮ ಖಡಾಖಂಡಿತ ಮಾತು.

ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್. ಮರಾಠಿ ಕಿರಾಣಿ ಅಂಗಡಿಯಲ್ಲಿ ‘ಲಿಂಬೂ ಸತ್ವ’ ಎಂದರೆ ತೆಗೆದುಕೊಡುತ್ತಾರೆ, ಗುಜರಾತಿ ಅಂಗಡಿಯಲ್ಲಿ ‘ಲಿಂಬೂನಾ ಫೂಲ್’. ಗಡಸು ನೀರಿನ ಮನೆಗೆ ನಾವು ಮೊದಲು ಹೇಳುವುದು ಇದನ್ನೇ. ಹೊಗೆಯಿಲ್ಲ, ಘಾಟಿಲ್ಲ, ರಾತ್ರಿಯಿಡೀ ಬಿಡಬಹುದು. ವಿನೆಗರಿನಲ್ಲಿ ಆಮ್ಲ ಇರುವುದೇ 4-5%. ನಿಂಬೆ ಉಪ್ಪನ್ನು ನೀವು 20%ರವರೆಗೂ ಕಲಸಿಕೊಳ್ಳಬಹುದು. ಹಾರ್ಪಿಕ್ಕಿಗಿಂತ ನಿಧಾನ, ಅಷ್ಟೇ. ಕಬ್ಬಿಣದ ತೆಳು ಕಲೆಗೂ ಸ್ವಲ್ಪ ನಾಟುತ್ತದೆ.

ಬ್ಲೀಚ್. ದ್ರವ ರೂಪದಲ್ಲಿ ಸೋಡಿಯಂ ಹೈಪೋಕ್ಲೋರೈಟ್, ಪುಡಿ ರೂಪದಲ್ಲಿ ಬ್ಲೀಚಿಂಗ್ ಪೌಡರ್. ಇದು ಬಣ್ಣ ತೆಗೆಯುತ್ತದೆ, ಕ್ರಿಮಿ ಕೊಲ್ಲುತ್ತದೆ. ಸುಣ್ಣವನ್ನು ಕರಗಿಸುವುದಿಲ್ಲ. ಕೊಳೆ ಹಿಡಿದ ಸುಣ್ಣದ ಪದರದ ಮೇಲೆ ಬ್ಲೀಚ್ ಹಾಕಿದರೆ ಪದರ ಬೆಳ್ಳಗಾಗುತ್ತದೆ, ನೋಡುವವರಿಗೆ ಖುಷಿ; ಒರಟು ಹಾಗೇ ಉಳಿದಿರುವುದರಿಂದ ವಾರದೊಳಗೆ ಹೊಸ ಕೊಳೆ ಕೂರುತ್ತದೆ. ಕಬ್ಬಿಣದ ಕಲೆಯಿರುವ ಕಮೋಡಿಗೆ ಬ್ಲೀಚ್ ಕಡು ವೈರಿ. ನೀರಿನಲ್ಲಿ ಕರಗಿದ್ದ ಕಬ್ಬಿಣವನ್ನೂ ಅದು ತಕ್ಷಣ ತುಕ್ಕಾಗಿಸಿ ಪಿಂಗಾಣಿಗೆ ಅಂಟಿಸುತ್ತದೆ. ಫೋಂಡಾದ ಕೆಂಪಿಗೆ ಕಾರಣ ಇಷ್ಟೇ. ಲೋಳೆ, ಬೂಷ್ಟಿಗೆ ಮಾತ್ರ ಇದನ್ನು ಮೀರಿಸುವುದು ಬೇರೊಂದಿಲ್ಲ: ಒಂದು ಲೀಟರ್ ತಣ್ಣೀರಿಗೆ ಒಂದು ದೊಡ್ಡ ಚಮಚ ಪೌಡರ್, ಹತ್ತು ನಿಮಿಷ ತಂಗಲು ಬಿಟ್ಟು ಮೇಲಿನ ತಿಳಿ ಮಾತ್ರ ಸುರಿಯಿರಿ, ಹತ್ತು-ಹದಿನೈದು ನಿಮಿಷ ಬಿಟ್ಟು ಉಜ್ಜಿ. ಕರಾವಳಿಯ ತೇವಕ್ಕೆ ಪೌಡರ್ ಬೇಗ ಸತ್ತುಹೋಗುತ್ತದೆ. ಡಬ್ಬ ತೆರೆದಾಗ ಮೂಗಿಗೆ ಕ್ಲೋರಿನ್ ವಾಸನೆ ತಟ್ಟದಿದ್ದರೆ, ಗಂಟು ಗಂಟಾಗಿದ್ದರೆ, ಅದು ಬರೀ ಸುಣ್ಣದ ಪುಡಿ.

ಆಕ್ಸಾಲಿಕ್ ಆಸಿಡ್ ತುಕ್ಕಿನ ಕಲೆಗೆ ಹೇಳಿ ಮಾಡಿಸಿದ್ದು. ಕಬ್ಬಿಣವನ್ನು ಹಿಡಿದು ನೀರಿನಲ್ಲಿ ಕರಗುವ ರೂಪಕ್ಕೆ ತರುತ್ತದೆ. ಕರಾವಳಿಯ ಮನೆಗಳಲ್ಲಿ ಬಿಂಬುಳಿ ಹಿಚುಕಿ ಪಾತ್ರೆಯ ಕಿಲುಬು, ಬಟ್ಟೆಯ ತುಕ್ಕು ತೆಗೆಯುತ್ತಿದ್ದದ್ದು ಇದೇ ಆಮ್ಲದ ಬಲದಿಂದ. ಕಮೋಡಿಗೆ ಬಿಂಬುಳಿ ಸಾಲದು, ಪುಡಿಯೇ ಬೇಕು: ಅರ್ಧ ಲೀಟರ್ ಬೆಚ್ಚಗಿನ ನೀರಿಗೆ ಒಂದು ದೊಡ್ಡ ಚಮಚ, ಅರ್ಧ ಗಂಟೆ. ಆದರೆ ಇದು ವಿಷ, ನೋಡಲು ಸಕ್ಕರೆಯಂಥ ಹರಳು. ಅಡುಗೆಮನೆಯ ಡಬ್ಬಕ್ಕೆ ಎಂದೂ ಹಾಕಬೇಡಿ, ಅಳೆದ ಚಮಚವನ್ನು ಎಸೆದುಬಿಡಿ. ಇನ್ನೊಂದು ಸೂಕ್ಷ್ಮ: ಗಡಸು ನೀರಿನ ಮನೆಯಲ್ಲಿ ಸುಣ್ಣ ತೆಗೆಯದೆ ಇದನ್ನು ಹಾಕಿದರೆ ಕ್ಯಾಲ್ಸಿಯಂ ಜೊತೆ ಸೇರಿ ಕರಗದ ಬಿಳಿ ಗಸಿಯಾಗುತ್ತದೆ. ಮೊದಲು ನಿಂಬೆ ಉಪ್ಪು, ತೊಳೆದ ಮೇಲೆ ಆಕ್ಸಾಲಿಕ್. ತುಕ್ಕಿಗೆಂದು ಮಾರುವ ಇತರ ದ್ರವಗಳಲ್ಲಿ ಫ್ಲೋರೈಡ್ ಹೆಸರು ಕಂಡರೆ ಅಲ್ಲೇ ಇಟ್ಟು ಬನ್ನಿ. ಅದು ಪಿಂಗಾಣಿಯ ಗ್ಲೇಜನ್ನೇ, ಅಂದರೆ ಹೊಳಪಿನ ಮೇಲ್ಪದರವನ್ನೇ ತಿನ್ನುತ್ತದೆ.

ಉಜ್ಜುವ ಸಾಮಾನಿನಲ್ಲಿ ಪ್ಯೂಮಿಸ್ ಕಲ್ಲು ಒಳ್ಳೆಯದು, ಕಲ್ಲೂ ಪಿಂಗಾಣಿಯೂ ಒದ್ದೆಯಾಗಿದ್ದರೆ ಮಾತ್ರ. ಹಿಮ್ಮಡಿ ಉಜ್ಜುವ ಸುಟ್ಟ ಮಣ್ಣಿನ ಕಲ್ಲು ಬೇರೆ, ಅದು ಗೀರುತ್ತದೆ. ಹಾರ್ಡ್‌ವೇರ್ ಅಂಗಡಿಯ ವಾಟರ್ ಪೇಪರ್ (ಒದ್ದೆ ಮಾಡಿ ಉಜ್ಜುವ ಮರಳು ಕಾಗದ), 1000 ನಂಬರಿನದು, ಆಸಿಡ್ಡಿಗೆ ಮೆದುವಾದ ಸುಣ್ಣದ ಕೊನೆಯ ಉಂಗುರಕ್ಕೆ ಸಾಕು. ಸ್ಟೀಲ್ ಸ್ಕ್ರಬ್ಬರ್ ಬೇಡ.

ಉಳಿದವು ಬೇಗ ಮುಗಿಸೋಣ. ಫಿನಾಯಿಲ್ ವಾಸನೆಗೆ ಮತ್ತು ಕ್ರಿಮಿಗೆ, ಕಲೆಗಲ್ಲ. ಅಡುಗೆ ಸೋಡಾ ಮೇಲೆ ವಿನೆಗರ್ ಸುರಿದರೆ ಬರುವ ನೊರೆ ನೋಡಲು ಚೆಂದ. ಆಮ್ಲವೂ ಕ್ಷಾರವೂ ಒಂದನ್ನೊಂದು ಕೊಂದುಕೊಂಡು ಉಳಿಯುವುದು ಉಪ್ಪುನೀರು. ಈನೋ ಪೊಟ್ಟಣದಲ್ಲಿ ಇವೆರಡರಂಥ ಜೋಡಿಯೇ ಇದೆ, ಅದು ಹೊಟ್ಟೆಗೇ ಇರಲಿ. ಕೋಲಾದಲ್ಲಿ ಆಮ್ಲ ಇದೆ ನಿಜ, ಸಕ್ಕರೆಯೂ ಇದೆ, ಇರುವೆಗೆ ಹಬ್ಬ.

ಮದ್ದು ಸೋಲುವುದು ನೀರಿನಲ್ಲಿ

ಕಮೋಡಿನ ತಳದಲ್ಲಿ ನಿಂತಿರುವ ನೀರು ಸುಮಾರು ಎರಡು ಲೀಟರ್ ಎನ್ನಿ. ಅದರ ಮೇಲೆ 100 ಮಿ.ಲೀ. ಹಾರ್ಪಿಕ್ ಸುರಿದರೆ 10% ಇದ್ದದ್ದು ಅರ್ಧ ಪರ್ಸೆಂಟಿಗೆ ಇಳಿಯುತ್ತದೆ. ಗಟ್ಟಿ ಉಂಗುರ ಇರುವುದೋ ಸರಿಯಾಗಿ ನೀರಿನ ಮಟ್ಟದಲ್ಲೇ. ಜನ ಬ್ರಾಂಡ್ ಬದಲಿಸುತ್ತಾರೆ, ಆಸಿಡ್ಡಿಗೆ ಏರುತ್ತಾರೆ. ನೀರು ತೆಗೆಯುವ ಯೋಚನೆ ಮಾತ್ರ ಯಾರಿಗೂ ಹೊಳೆಯುವುದಿಲ್ಲ.

ಗೋಡೆಯ ಆಂಗಲ್ ಕಾಕ್ (ಫ್ಲಶ್ ಟ್ಯಾಂಕಿಗೆ ನೀರು ಬಿಡುವ ನಲ್ಲಿ) ಬಂದ್ ಮಾಡಿ, ಒಮ್ಮೆ ಫ್ಲಶ್ ಎಳೆಯಿರಿ. ಬ್ರಶ್ಶನ್ನು ತಳದ ತೂತಿನೊಳಗೆ ಜೋರಾಗಿ ಏಳೆಂಟು ಸಲ ಒತ್ತಿದರೆ ನೀರು ಆಚೆ ದಾಟುತ್ತದೆ. ಉಳಿದದ್ದನ್ನು ಹಳೆಯ ಸ್ಪಂಜಿನಿಂದ ಹೀರಿ ತೆಗೆಯಿರಿ. ನೀರು ಇಳಿದಾಗ ಗಟಾರದ ಗಾಳಿ ಮೇಲೆ ಬರುತ್ತದೆ, ಆದ್ದರಿಂದ ಮುಚ್ಚಳ ಹಾಕಿಡಿ, ಕಿಟಕಿ ತೆರೆದಿರಲಿ.

ಈಗ ಅರ್ಧ ಲೀಟರ್ ಬಿಸಿನೀರಿಗೆ 100 ಗ್ರಾಂ ನಿಂಬೆ ಉಪ್ಪು ಕರಗಿಸಿ. ಕೈ ಮುಟ್ಟಲಾಗುವಷ್ಟೇ ಬಿಸಿ ಸಾಕು. ಕುದಿಯುವ ನೀರಿಗೆ ಪಿಂಗಾಣಿ ಸೀಳಬಹುದು. ಹಳೆಯ ಪಂಚೆಯ ತುಂಡು ಅಥವಾ ಟಿಶ್ಯೂ ಪಟ್ಟಿಗಳನ್ನು ಅದರಲ್ಲಿ ನೆನೆಸಿ ಉಂಗುರದ ಸುತ್ತ ಮತ್ತು ರಿಮ್ಮಿನಡಿಗೆ ಅಂಟಿಸಿ, ಉಳಿದ ದ್ರವ ತಳಕ್ಕೆ. ರಾತ್ರಿ ಹಾಕಿ ಬೆಳಿಗ್ಗೆ ಬಟ್ಟೆ ತೆಗೆದು ಉಜ್ಜಿ. ಬಟ್ಟೆ, ಟಿಶ್ಯೂ ಕಸದ ಡಬ್ಬಕ್ಕೆ ಹೋಗಲಿ, ಫ್ಲಶ್ಶಿಗಲ್ಲ. ಬಿಳಿ ಕೆಸರಿನಂತೆ ಏನಾದರೂ ಬಂದರೆ ಅದು ಕರಗಿದ ಸುಣ್ಣದ್ದೇ ಶೇಷ. ಐದಾರು ವರ್ಷದ ಪದರ ಒಂದೇ ರಾತ್ರಿಗೆ ಹೋಗುವುದಿಲ್ಲ. ಮೂರು ರಾತ್ರಿ ಹೊಸ ದ್ರಾವಣ ಹಾಕುವುದು ಒಂದೇ ದ್ರಾವಣವನ್ನು ಮೂರು ದಿನ ಬಿಡುವುದಕ್ಕಿಂತ ಮೇಲು, ಏಕೆಂದರೆ ಸುಣ್ಣ ಕರಗಿಸುತ್ತ ಆಮ್ಲವೂ ಮುಗಿದುಹೋಗುತ್ತದೆ. ಹಾರ್ಪಿಕ್ ಬಳಸುವವರಿಗೂ ಇದೇ ಕ್ರಮ, ರಾತ್ರಿಯಿಡೀ ಬಿಡುವ ಬದಲು ಬಾಟಲಿಯ ಮೇಲೆ ಬರೆದಷ್ಟೇ ಹೊತ್ತು.

ರಿಮ್ಮಿನ ತೂತುಗಳು ಕಟ್ಟಿ ಫ್ಲಶ್ ನೀರು ಒಂದೇ ಕಡೆ ಬೀಳುತ್ತಿದ್ದರೆ, ಟ್ಯಾಂಕಿನೊಳಗಿನ ಓವರ್‌ಫ್ಲೋ ಕೊಳವೆಗೆ ಅದೇ ನಿಂಬೆ ಉಪ್ಪಿನ ದ್ರಾವಣವನ್ನು ನಿಧಾನವಾಗಿ ಸುರಿಯಿರಿ. ಅದು ರಿಮ್ಮಿನ ಒಳದಾರಿಯಲ್ಲೇ ಇಳಿಯುತ್ತದೆ. ಹಾರ್ಪಿಕ್ಕನ್ನು ಟ್ಯಾಂಕಿಗೆ ಹಾಕಬೇಡಿ, ಬೋಲ್ಟು-ಸ್ಕ್ರೂ ಕೊರೆದುಹೋಗುತ್ತವೆ.

ಚಾಳಿನ ಮನೆಗಳಲ್ಲೂ ಹಳೆಯ ಫ್ಲ್ಯಾಟುಗಳಲ್ಲೂ ಇಂಡಿಯನ್ ಪ್ಯಾನ್ ಇನ್ನೂ ಇದೆ. ಪ್ಯಾನಿನಲ್ಲಿ ನೀರು ನಿಲ್ಲದ ಕಾರಣ ಮದ್ದು ತೆಳುವಾಗುವುದಿಲ್ಲ, ಆದರೆ ಬೇಗ ಒಣಗುತ್ತದೆ. ಹಾಕಿದ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ. ಕಾಲಿಡುವ ಪಾದದ ಗೆರೆಗಳಿಗೆ ಹಳೆಯ ಟೂತ್‌ಬ್ರಶ್ಶೇ ಬೇಕು. ದ್ರವ ಪ್ಯಾನಿನ ಅಂಚು ದಾಟಿ ನೆಲದ ಸಂದಿಗೆ ಹರಿಯದಂತೆ ಮೊದಲೇ ಸುತ್ತಲೂ ನೀರು ಹೊಯ್ದಿಡಿ.

ಜೋಡಿ ಕೂಡಬಾರದ್ದು

ಆಸಿಡ್ ಮತ್ತು ಬ್ಲೀಚ್ ಸೇರಿದರೆ ಕ್ಲೋರಿನ್ ಅನಿಲ. ಮುಂಬಯಿಯ ಟಾಯ್ಲೆಟ್ಟು ಮೂರಡಿ-ನಾಲ್ಕಡಿ ಗೂಡು, ಕಿಟಕಿ ತೆರೆಯುವುದು ಡಕ್ಟಿಗೆ (ಪೈಪುಗಳು ಇಳಿಯುವ ಇಕ್ಕಟ್ಟು ಸಂದಿಗೆ); ಗಾಳಿಗಿಂತ ಭಾರದ ಆ ಅನಿಲ ಅಲ್ಲೇ ತಂಗುತ್ತದೆ. ಬ್ಲೀಚಿಗೆ ಅಮೋನಿಯಾ ತಾಗಿದರೂ ಉಸಿರು ಕಟ್ಟಿಸುವ ಅನಿಲ ಬರುತ್ತದೆ, ಹಾಗಾಗಿ ಮೂತ್ರದ ಘಾಟಿರುವ ಕಮೋಡಿಗೆ ಮೊದಲು ಬ್ಲೀಚ್ ಸುರಿಯಬೇಡಿ. ಎರಡೂ ಬೇಕಾದರೆ ಇವತ್ತು ಆಸಿಡ್, ಮೂರು ನಾಲ್ಕು ಫ್ಲಶ್, ನಾಳೆ ಬ್ಲೀಚ್. ಕೆಲಸಕ್ಕೆ ‘ಬಾಯಿ’ (ಕೆಲಸದಾಕೆ) ಬರುವ ಮನೆಯಲ್ಲಿ ಈ ಎರಡು ಬಾಟಲಿ ಒಂದೇ ಶೆಲ್ಫಿನಲ್ಲಿ ಇರಕೂಡದು. ಬೇಗ ಆಗಲಿ ಎಂದು ಆಕೆ ಎರಡನ್ನೂ ಸುರಿಯುವುದು ಸಹಜ, ಗ್ಲೌಸ್ ಮತ್ತು ಎಕ್ಸಾಸ್ಟ್ ಫ್ಯಾನಿನ ಜವಾಬ್ದಾರಿ ಮನೆಯವರದು. ಮೂಗು ಉರಿದರೆ ಬಾಗಿಲು ತೆರೆದು ಹೊರಗೆ ಬನ್ನಿ. ಕಣ್ಣಿಗೆ ಹಾರಿದರೆ ಹದಿನೈದು-ಇಪ್ಪತ್ತು ನಿಮಿಷ ನೀರು ಬಿಟ್ಟು ತೊಳೆದು ನೇರ ಡಾಕ್ಟರ ಹತ್ತಿರ.

ಗೋವಾದ ಸೆಪ್ಟಿಕ್ ಟ್ಯಾಂಕ್ ಮನೆಗಳವರಿಗೆ ಇನ್ನೊಂದು ಮಾತು: ವಾರಕ್ಕೊಮ್ಮೆಯ ಒಂದು ಚಮಚ ಬ್ಲೀಚ್ ತೊಂದರೆ ಕೊಡದು, ಬಾಟಲಿಗಟ್ಟಲೆ ಸುರಿದರೆ ಟ್ಯಾಂಕಿನ ಬ್ಯಾಕ್ಟೀರಿಯಾ ಸಾಯುತ್ತವೆ. ಅಲ್ಲಿಯೂ ನಿಂಬೆ ಉಪ್ಪೇ ವಾಸಿ.

ಎಷ್ಟಕ್ಕೆ ನಿಲ್ಲಿಸಬೇಕು

ಮೂರು ಸುತ್ತು ಆಮ್ಲ, ತುಕ್ಕಿದ್ದರೆ ಒಂದು ಸುತ್ತು ಆಕ್ಸಾಲಿಕ್, ಬೇರೆ ದಿನ ಒಮ್ಮೆ ಬ್ಲೀಚ್. ಇಷ್ಟಾದರೂ ಬಣ್ಣ ಕದಲದೆ, ಕಡ್ಡಿಗೆ ಏನೂ ತಡೆಯದೆ ಇದ್ದರೆ ಗ್ಲೇಜು ಸವೆದು ಕೂದಲೆಳೆಯ ಬಿರುಕುಗಳೊಳಗೆ ಬಣ್ಣ ಇಳಿದಿದೆ ಎಂದರ್ಥ. ಟಾರ್ಚನ್ನು ಓರೆಯಾಗಿ ಹಿಡಿದರೆ ಬಲೆಯಂಥ ಗೆರೆಗಳು ಕಾಣುತ್ತವೆ. ಇನ್ನು ಅದರ ಮೇಲೆ ದುಡ್ಡು ಸುರಿಯಬೇಡಿ.

ತೆಗೆದ ಕಲೆ ಹಿಂಬದಿಯ ಗೋಡೆಯಲ್ಲಿ ಒಂದೇ ಗೆರೆಯಾಗಿ ಮರಳಿ ಬರುತ್ತಿದ್ದರೆ ಯಾವ ಬಾಟಲಿಯೂ ಬೇಡ, ಫ್ಲಶ್ ವಾಲ್ವಿನ ವಾಷರ್ ನೋಡಿ. ಫ್ಲಶ್ ಮಾಡಿ ಅರ್ಧ ಗಂಟೆ ಬಿಟ್ಟು, ಹಿಂಬದಿಯ ಗೋಡೆ ಒರೆಸಿ ಒಣ ಟಿಶ್ಯೂ ಅಂಟಿಸಿ. ಹತ್ತು ನಿಮಿಷದಲ್ಲಿ ಒದ್ದೆಯಾದರೆ ಟ್ಯಾಂಕು ಹಗಲೂ ರಾತ್ರಿ ಸೋರುತ್ತಿದೆ. ಟ್ಯಾಂಕಿಗೆ ಬ್ಲೀಚ್ ಇರುವ ನೀಲಿ ಗುಳಿಗೆ ಹಾಕುವ ಮನೆಗಳಲ್ಲಿ ಈ ರಬ್ಬರು ಇನ್ನೂ ಬೇಗ ಗಡುಸಾಗಿ ಬಿರಿಯುತ್ತದೆ. ಗುಳಿಗೆ ನಿಲ್ಲಿಸಿ, ಪ್ಲಂಬರನ್ನು ಕರೆದು ವಾಷರ್ ಬದಲಿಸಿ, ಆಮೇಲೆ ಒಂದು ರಾತ್ರಿ ನಿಂಬೆ ಉಪ್ಪಿನ ಪಟ್ಟಿ ಅಂಟಿಸಿ.